ಸರ್ಕಾರದ ವೆಚ್ಚ ಮತ್ತು ರಾಷ್ಟ್ರದ ವರಮಾನ

ರಾಷ್ಟ್ರೀಯ ವರಮಾನವೆಂದರೆ ಸರ್ಕಾರದ ಬೊಕ್ಕಸದಲ್ಲಿರುವ ಹಣವಲ್ಲ. ಒಂದು ವರ್ಷದಲ್ಲಿ ದೇಶದ ಜನರು ತಮ್ಮ ದುಡಿಮೆಯಿಂದ ಉತ್ಪಾದಿಸಿದ ಸರಕು ಹಾಗೂ ಸೇವೆಗಳ ಒಟ್ಟು ಮೌಲ್ಯವೇ ರಾಷ್ಟ್ರೀಯ ವರಮಾನ. ಯಳಂದೂರಿನ ಗದ್ದೆಯ ಭತ್ತ, ಹನೂರಿನ ಹೊಲದ ರಾಗಿ, ಕೊಳ್ಳೇಗಾಲದ ಮಗ್ಗದ ರೇಷ್ಮೆ, ಉಪಾಧ್ಯಾಯರ ಬೋಧನೆ ಇವೆಲ್ಲವೂ ಅದರಲ್ಲಿ ಅಡಕವಾಗಿವೆ. ಸರ್ಕಾರವು ವೆಚ್ಚ ಮಾಡಿದರೆ ಈ ವರಮಾನ ಹೆಚ್ಚುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಸೂರ್ಯನು ಹೀರಿದ ನೀರು ಮಳೆಯಾಗಿ ಮರಳುವಂತೆ ಪ್ರಜೆಗಳ ತೆರಿಗೆಯು ಪ್ರಜೆಗಳಿಗೇ ಮರಳಬೇಕೆಂದು ನಮ್ಮ ಪ್ರಾಚೀನರು ಹೇಳಿದ್ದುಂಟು. ಆದರೆ ಮಳೆ ಸುರಿದ ಮಾತ್ರಕ್ಕೆ ಬೆಳೆಯಾಗದು. ಹದಗೊಂಡ ನೆಲವೂ ಬೇಕು, ಬಿತ್ತಿದ ಬೀಜವೂ ಬೇಕು.

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು 'ಗುಣಕ' ತತ್ತ್ವದಿಂದ ವಿವರಿಸಿದರು. ಸರ್ಕಾರವು ರಸ್ತೆಯ ಕೆಲಸಕ್ಕೆ 100 ರೂಪಾಯಿ ಕೂಲಿ ಕೊಟ್ಟಿತೆನ್ನೋಣ. ಕೂಲಿಯವನು 80 ರೂಪಾಯಿಯನ್ನು ಅಂಗಡಿಯಲ್ಲಿ ವ್ಯಯಿಸಿದರೆ ಅದು ಅಂಗಡಿಯವನ ವರಮಾನ; ಅವನು ಅದರಲ್ಲಿ 64 ರೂಪಾಯಿ ವ್ಯಯಿಸಿದರೆ ಅದು ಮತ್ತೊಬ್ಬನ ವರಮಾನ. ಹೀಗೆ ಕೈಯಿಂದ ಕೈಗೆ ಸಾಗಿದ ಹಣದಿಂದ ಒಟ್ಟು ವರಮಾನ ಕೊನೆಗೆ 500 ರೂಪಾಯಿಯಷ್ಟು ಹೆಚ್ಚಬಹುದು.

ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದ ಡಾ. ವಿ. ಕೆ. ಆರ್. ವಿ. ರಾವ್ ಅವರು ಈ ತತ್ತ್ವವು ಹಿಂದುಳಿದ ದೇಶಕ್ಕೆ ಯಥಾವತ್ತಾಗಿ ಅನ್ವಯಿಸದೆಂದು 1952ರಲ್ಲಿಯೇ ಪ್ರತಿಪಾದಿಸಿದರು. ಕೈಗಾರಿಕಾ ದೇಶದಲ್ಲಿ ಬೇಡಿಕೆಯಿಲ್ಲದೆ ನಿಂತ ಯಂತ್ರಗಳು ಬೇಡಿಕೆ ಬಂದೊಡನೆ ಚಲಿಸುತ್ತವೆ. ಕೃಷಿಪ್ರಧಾನ ದೇಶದಲ್ಲಾದರೋ ದುಡಿಯುವ ಕೈಗಳಿದ್ದರೂ ನೀರು, ಬಂಡವಾಳ, ಉಪಕರಣಗಳಿಲ್ಲ. ಕೂಲಿ ಹೆಚ್ಚಿ ರಾಗಿ ಹೆಚ್ಚದಿದ್ದರೆ ಏರುವುದು ರಾಗಿಯ ಬೆಲೆಯೇ ಹೊರತು ರಾಷ್ಟ್ರದ ನಿಜವಾದ ವರಮಾನವಲ್ಲ. ಆ ಬೆಲೆಯ ಭಾರವು ಬಡವರ ಮೇಲೆಯೇ ಬೀಳುತ್ತದೆ.

ಆದುದರಿಂದ ವೆಚ್ಚವೆಷ್ಟು ಎಂಬುದಕ್ಕಿಂತ ಯಾವುದಕ್ಕೆ ಎಂಬುದೇ ಮುಖ್ಯ. ಇದಕ್ಕೆ ನಿದರ್ಶನ ಕೊಳ್ಳೇಗಾಲದ ಸಮೀಪದಲ್ಲಿಯೇ ಉಂಟು. ಮೈಸೂರು ಸರ್ಕಾರವು ಶಿವನಸಮುದ್ರದಲ್ಲಿ ಸ್ಥಾಪಿಸಿದ ಜಲವಿದ್ಯುದಾಗಾರದಿಂದ 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಕಟ್ಟುವಾಗ ದೊರೆತ ಕೂಲಿ ಅಂದಿಗೇ ಮುಗಿಯಿತು. ಉತ್ಪಾದನೆಯ ಶಕ್ತಿಯಾದರೋ ತಲೆಮಾರುಗಳವರೆಗೆ ಉಳಿಯಿತು. ಆದರೆ ಕೊಳ್ಳೇಗಾಲವು ಆಗ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಮೈಸೂರಿಗೆ ಸೇರಿದ್ದು 1956ರಲ್ಲಿ. ಜಲಪಾತವು ಸಮೀಪದ್ದಾದರೂ ಅದರ ಮೊದಲ ಫಲ ದೂರದವರದಾಯಿತು. ವರಮಾನ ಹೆಚ್ಚುವುದು ಒಂದು, ಅದು ಯಾರಿಗೆ ಸೇರುವುದೆಂಬುದು ಇನ್ನೊಂದು ಎಂಬುದನ್ನು ಇದರಿಂದ ತಿಳಿಯಬಹುದು.

ಇಂದಿಗೂ ಈ ತಾರತಮ್ಯ ಕಣ್ಣಿಗೆ ಕಾಣುವಂತಹುದು. ಸುವರ್ಣಾವತಿಯ ನೀರುಂಡ ಯಳಂದೂರಿನ ಗದ್ದೆ ಹಸಿರಾಗಿದ್ದರೆ, ಮಳೆಯನ್ನೇ ನೆಚ್ಚಿದ ಹನೂರಿನ ಬೆಟ್ಟದಂಚಿನ ಗ್ರಾಮಗಳಿಂದ ಜನರು ಕೆಲಸವನ್ನರಸಿ ಊರು ಬಿಡುತ್ತಾರೆ. ಅಲ್ಲಿ ಸರ್ಕಾರದ ಹಣವು ಕೆರೆಯ ಹೂಳೆತ್ತಲು, ಹಿಪ್ಪುನೇರಳೆ ಬೆಳೆಸಲು, ಮಕ್ಕಳ ವಿದ್ಯೆಗೆ ವಿನಿಯೋಗವಾದರೆ ಮುಂದಿನ ವರ್ಷದ ಬೆಳೆಯೂ ದುಡಿಮೆಯೂ ಅಲ್ಲಿಯೇ ನಿಲ್ಲುತ್ತವೆ. ಕೂಲಿಯ ಹಣವೆಲ್ಲ ಹೊರಗಿನಿಂದ ಬಂದ ಸರಕಿಗೆ ಸಂದರೆ ಅದು ಒಂದೇ ಸುತ್ತಿನಲ್ಲಿ ಊರು ದಾಟುತ್ತದೆ.

ಸರ್ಕಾರದ ಹಣದಲ್ಲಿ ಬಹುಪಾಲು ತೆರಿಗೆಯಿಂದಲೋ ಸಾಲದಿಂದಲೋ ಬಂದದ್ದು; ಸಾಲವನ್ನು ತೀರಿಸುವವರು ಇಂದಿನ ವಿದ್ಯಾರ್ಥಿಗಳೇ. ಊರಿನಲ್ಲಿ ಯಾವುದೇ ಕಾಮಗಾರಿ ನಡೆದಾಗ ಎಷ್ಟು ಖರ್ಚಾಯಿತೆಂದು ಕೇಳಿ ಸುಮ್ಮನಾಗದೆ, ಅದರಿಂದ ನಾಳೆ ಏನು ಬೆಳೆಯುವುದೆಂದು ಕೇಳುವುದನ್ನು ಅವರು ಕಲಿಯಬೇಕು.