ಲೇಥಿನ ಎಣ್ಣೆ: ಎಲ್ಲಿಗೆ ಯಾವುದು?

ಚಕ್ಕಡಿಯ ಅಚ್ಚಿಗೆ ಔಡಲೆಣ್ಣೆ ಹಾಕುವುದು ನಮ್ಮ ರೈತರ ಹಳೆಯ ರೂಢಿ. ಅಥಣಿ, ಕಾಗವಾಡ, ರಾಯಬಾಗದ ಕಬ್ಬಿನ ಸೀಮೆಯಲ್ಲಿ ಟ್ರೇಲರಿನ ಅಚ್ಚು ಕಡೆಯುವ ಲೇಥ್ ಯಂತ್ರಕ್ಕೂ ಎಣ್ಣೆ ಬೇಕು. ಆದರೆ ಒಂದೇ ಎಣ್ಣೆ ಅದರ ಎಲ್ಲ ಭಾಗಕ್ಕೂ ಸಲ್ಲದು.

ಮುಚ್ಚಿದ ಪೆಟ್ಟಿಗೆಯ ಗೇರುಗಳಿಗೆ ತಯಾರಕರು ಸೂಚಿಸಿದ ದರ್ಜೆಯೇ ಸರಿ. ಹಲವು ಲೇಥ್‌ಗಳಿಗೆ ಅದು 68. ಈ ಅಂಕಿ 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಎಣ್ಣೆ ಎಷ್ಟು ಮಂದ ಎಂಬುದರ ಅಳತೆ. ತೆರೆದ ಗೇರುಗಳಿಗೆ ಅಂಟುವ ಎಣ್ಣೆಯ ತೆಳುಲೇಪ ಸಾಕು. ಗ್ರೀಸ್ ದಪ್ಪಗೆ ಮೆತ್ತಿದರೆ ಕಬ್ಬಿಣದ ಪುಡಿ ಅದರಲ್ಲಿ ಸೇರಿ, ಸಾಣೆಯಂತೆ ಹಲ್ಲುಗಳನ್ನು ತಿನ್ನುತ್ತದೆ. ಪುಲ್ಲಿಯಲ್ಲಿ ಎಣ್ಣೆ ಬೇರಿಂಗಿಗೆ ಮಾತ್ರ. ಬೆಲ್ಟಿಗೆ ತಗಲಿದರೆ ಅದು ಜಾರುತ್ತದೆ, ರಬ್ಬರು ಕೆಡುತ್ತದೆ.

ಕಬ್ಬು ಕಡಿಯುವ ಹಂಗಾಮಿನಲ್ಲಿ ಲೇಥ್ ನಿಂತರೆ ಟ್ರೇಲರೂ ನಿಲ್ಲುತ್ತದೆ; ಕಡಿದ ಕಬ್ಬು ಹೊಲದಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ.