ಅಕ್ಕಿ ಕಿಟ್ ಕೊಟ್ಟಾಯಿತು, ರೇಷನ್ ಕಾರ್ಡ್ ಮಾಡಿಸುವವರು ಯಾರು?

ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಸೈನ್ಸ್ ಆದವರಿಗೆ ನರ್ಸಿಂಗ್, ಫಾರ್ಮಸಿ, ಅಂಕ ಚೆನ್ನಾಗಿದ್ದರೆ ನೀಟ್. ಕಾಮರ್ಸ್ ಆದವರಿಗೆ ಬಿಕಾಂ, ಆಮೇಲೆ ಗಲ್ಫ್. ಆರ್ಟ್ಸ್ ಓದಿದ ಹೆಣ್ಣುಮಕ್ಕಳಿಗೆ ಬಿಎ, ಬಿಎಡ್, ಇಲ್ಲದಿದ್ದರೆ ಮದುವೆ ಮಾತು. ಸುಂಟಿಕೊಪ್ಪ, ಕುಶಾಲನಗರ, ಮಡಿಕೇರಿ, ಸಿದ್ದಾಪುರ, ಎಲ್ಲಿ ಕೇಳಿದರೂ ಹೆಚ್ಚುಕಡಿಮೆ ಇದೇ ಪಟ್ಟಿ. ಬಿಎಸ್‌ಡಬ್ಲ್ಯು, ಎಂಎಸ್‌ಡಬ್ಲ್ಯು ಅಂದರೆ ಸಮಾಜಕಾರ್ಯ ಪದವಿಯ ಹೆಸರು ಇದರಲ್ಲಿ ಬರುವುದು ಅಪರೂಪ. ಯಾರಾದರೂ ಹೇಳಿದರೂ, "ಸಮಾಜಸೇವೆ ಮಾಡೋದಕ್ಕೆ ಡಿಗ್ರಿ ಯಾಕೆ? ಸುಮ್ಮನೆ ಮಾಡಬಹುದಲ್ವಾ?" ಅಂತ ಕೇಳುತ್ತಾರೆ.

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ದೂರದಲ್ಲಿಲ್ಲ, ನಮ್ಮ ಕಾಫಿ ತೋಟಗಳ ಲೈನ್ ಮನೆಗಳಲ್ಲೇ ಇದೆ.

ಕಿಟ್, ಕಾರ್ಡ್, ಕಾನೂನು

ಇಂದು ಕೊಡಗಿನ ಬಹಳಷ್ಟು ತೋಟಗಳಲ್ಲಿ ಅಸ್ಸಾಂನಿಂದ ಬಂದ ಕಾರ್ಮಿಕರು ಇದ್ದಾರೆ. ಅಂಥ ಒಂದು ಕುಟುಂಬದಲ್ಲಿ ಕೆಲಸ ಇಲ್ಲದ ಮಳೆಗಾಲದಲ್ಲಿ ಒಲೆ ಉರಿಯುವುದಿಲ್ಲ ಅಂತಿಟ್ಟುಕೊಳ್ಳೋಣ. ಜಮಾಅತಿನವರು ಅಕ್ಕಿ, ಎಣ್ಣೆ, ಬೇಳೆಯ ಕಿಟ್ ಕೊಡುತ್ತಾರೆ. ಒಳ್ಳೆಯ ಕೆಲಸ. ಆ ಕಿಟ್ ಹದಿನೈದು ದಿನಕ್ಕೆ ಮುಗಿಯುತ್ತದೆ.

ಆ ಕುಟುಂಬಕ್ಕೆ ತಮ್ಮ ಊರಿನಲ್ಲಿ ರೇಷನ್ ಕಾರ್ಡ್ ಇದೆಯಾ, ಆಧಾರ್ ಜೋಡಣೆ ಆಗಿದೆಯಾ, ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಅಕ್ಕಿ ಸಿಗುತ್ತದಾ, ಸಿಗದಿದ್ದರೆ ಯಾವ ಕಚೇರಿಗೆ ಅರ್ಜಿ ಹಾಕಬೇಕು ಅಂತ ವಿಚಾರಿಸಿ, ಜೊತೆಗೆ ಹೋಗಿ, ಕೆಲಸ ಮುಗಿಯುವ ತನಕ ಬೆನ್ನು ಹತ್ತುವುದು ಎರಡನೆಯ ಹೆಜ್ಜೆ. ಇದು ಸಮಾಜಕಾರ್ಯ.

ಮೂರನೆಯ ಹೆಜ್ಜೆಯೊಂದಿದೆ. ಮೊದಲೆಲ್ಲ ಒಂದು ರಾಜ್ಯದ ಕಾರ್ಡ್ ಇನ್ನೊಂದು ರಾಜ್ಯದಲ್ಲಿ ನಡೆಯುತ್ತಿರಲಿಲ್ಲ. ಕಾರ್ಡ್ ಊರಲ್ಲಿ, ಮನುಷ್ಯ ಕೊಡಗಲ್ಲಿ. 'ಒಂದು ದೇಶ, ಒಂದು ಪಡಿತರ ಚೀಟಿ' ಯೋಜನೆ ಬಂದ ಮೇಲೆ ಈ ನಿಯಮ ಬದಲಾಯಿತು. ಕೊನೆಯದಾಗಿ 2022ರ ಜೂನ್‌ನಲ್ಲಿ ಅಸ್ಸಾಂ ಸೇರಿತು. ಒಂದು ನಿಯಮ ಬದಲಾದರೆ ಲಕ್ಷಾಂತರ ಮನೆಗಳಿಗೆ ದಾರಿ ತೆರೆಯುತ್ತದೆ. ಇಂಥ ನಿಯಮಗಳನ್ನು ಯಾರಿಗಾಗಿ, ಹೇಗೆ ಮಾಡಬೇಕು, ಮಾಡಿದ್ದು ಕೆಳಗಿನವರಿಗೆ ಮುಟ್ಟಿತಾ ಅಂತ ಓದುವುದೇ ಸಾಮಾಜಿಕ ನೀತಿ ಎಂಬ ವಿಷಯ.

ಕಿಟ್ ಕೊಡುವ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ, ಅಲ್ಲಾಹನು ಅವರಿಗೆ ಬರಕತ್ ನೀಡಲಿ. ಎರಡನೆಯ ಮತ್ತು ಮೂರನೆಯ ಹೆಜ್ಜೆ ಇಡಬಲ್ಲವರು ಕಡಿಮೆ. ಅದಕ್ಕೆ ಓದು ಬೇಕು.

ಮಳೆಗಾಲಗಳು ಕಲಿಸಿದ ಪಾಠ

2018ರ ಆಗಸ್ಟ್ ಮರೆಯುವ ಹಾಗಿಲ್ಲ. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡಗಳೇ ಜಾರಿದವು. ಜೋಡುಪಾಲದ ಕಡೆಯವರು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಶಿಬಿರಗಳಿಗೆ ಇಳಿದರು. ಮೊದಲ ವಾರ ಜಾತಿ, ಧರ್ಮ ಯಾರೂ ಕೇಳಲಿಲ್ಲ. ಬಟ್ಟೆ, ಊಟ, ಔಷಧಿ ಮಂಗಳೂರಿನಿಂದಲೂ ಮೈಸೂರಿನಿಂದಲೂ ಲಾರಿಗಟ್ಟಲೆ ಬಂತು.

ಕಷ್ಟದ ಕೆಲಸ ಆಮೇಲೆ ಇತ್ತು. ಜಂಬೂರು, ಮದೆನಾಡಿನಲ್ಲಿ ಹೊಸ ಮನೆಗಳ ಹಸ್ತಾಂತರ ಆದದ್ದು 2020ರ ಜೂನ್‌ನಲ್ಲಿ. ಅಂದರೆ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ. ಆ ನಡುವೆ ಮಕ್ಕಳ ಶಾಲೆ ಬದಲಾಯಿತು, ದಾಖಲೆ ಮಣ್ಣುಪಾಲಾದವರು ಕಚೇರಿ ಅಲೆದರು, ಮಳೆ ಸದ್ದು ಕೇಳಿದರೆ ನಿದ್ದೆ ಬಾರದ ಮುದುಕರು ಇದ್ದರು. 2019ರಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆ ದಂಡೆಯ ಮನೆಗಳು ಹೋದವು. ಅಲ್ಲಿ ಹಲವರ ಜಾಗಕ್ಕೆ ಹಕ್ಕುಪತ್ರವೇ ಇರಲಿಲ್ಲ. ಪರಿಹಾರದ ಅರ್ಜಿಯಲ್ಲಿ ಮೊದಲು ಕೇಳುವುದೇ ದಾಖಲೆ. ಪೈಸಾರಿ ಜಾಗದವರು, ಬಾಡಿಗೆಯವರು, ಲೈನ್ ಮನೆಯವರು ಇವರನ್ನು ಪಟ್ಟಿಗೆ ಸೇರಿಸುವುದು ಹೇಗೆ? ಆಘಾತಗೊಂಡ ಮಗುವಿನ ಜೊತೆ ಮಾತಾಡುವುದು ಹೇಗೆ? ಮನಸ್ಸು ಒಳ್ಳೆಯದಿದ್ದರೆ ಮಾತ್ರ ಸಾಕಾಗದ ಕೆಲಸಗಳಿವು.

ನಮ್ಮವರ ಕಷ್ಟ ಮಾತ್ರ ನೋಡಬೇಕೆಂದೂ ಇಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆ ಆದಿವಾಸಿಗಳ ಗುಡಿಸಲುಗಳನ್ನು ತೆರವು ಮಾಡಿತು. ಹೋರಾಟ ನಡೆದು, ಮುಂದೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯಿತು. 2006ರ ಅರಣ್ಯ ಹಕ್ಕು ಕಾಯ್ದೆ ಏನು ಹೇಳುತ್ತದೆ, ಜೇನುಕುರುಬ, ಯರವ ಕುಟುಂಬಗಳಿಗೆ ಅದು ಎಷ್ಟು ಸಿಕ್ಕಿದೆ ಎಂಬುದು ಇದೇ ಓದಿನ ಪಾಠ. ನೆರೆಯವನ ಹಕ್ಕು ಅಂದರೆ ಧರ್ಮ ನೋಡಿ ಬರುವ ಹಕ್ಕಲ್ಲ ಅಂತ ನಾವು ಮಕ್ಕಳಿಗೆ ಹೇಳಿಕೊಡುವುದೂ ಇದನ್ನೇ.

ಕಿತಾಬಿನಲ್ಲೂ ಇದೆ

ಮದ್ರಸದಲ್ಲಿ ಕಲಿಸುವ ನಮಗೆ ಈ ಓದು ಹೊರಗಿನದು ಅಂತ ಅನಿಸುವುದಿಲ್ಲ. ಶಾಫಿಈ ಫಿಕ್‌ಹ್‌ನಲ್ಲಿ ಝಕಾತ್ ಪಾಠಕ್ಕೆ ಬಂದರೆ ಫಕೀರ್ ಯಾರು, ಮಿಸ್ಕೀನ್ ಯಾರು ಅಂತ ಬೇರೆ ಬೇರೆ ವಿವರಿಸುತ್ತೇವೆ. ಹತ್ತು ರೂಪಾಯಿ ಬೇಕಾದವನಿಗೆ ಎರಡೋ ಮೂರೋ ಇದ್ದರೆ ಅವನು ಫಕೀರ್, ಏಳೋ ಎಂಟೋ ಇದ್ದರೆ ಮಿಸ್ಕೀನ್. ಕೆಲಸ ಬಲ್ಲವನಿಗೆ ಅವನ ಕೆಲಸದ ಸಲಕರಣೆ ಕೊಡಿಸಬೇಕು, ವ್ಯಾಪಾರ ಬಲ್ಲವನಿಗೆ ಬಂಡವಾಳ ಕೊಡಬೇಕು, ಮತ್ತೆ ಕೈಚಾಚದ ಹಾಗೆ ಆಗಬೇಕು ಅಂತ ಇಮಾಮರು ಬರೆದಿದ್ದಾರೆ. ಅಗತ್ಯ ಅಳೆಯುವುದು, ಕಾಲ ಮೇಲೆ ನಿಲ್ಲಿಸುವುದು ಎರಡೂ ಅಲ್ಲಿವೆ.

"ಸಂಬಳ ತಗೊಂಡರೆ ಅದು ಸೇವೆ ಆಗುತ್ತಾ?" ಅನ್ನುವವರಿಗೂ ಉತ್ತರ ಇದೆ. ಝಕಾತ್ ಪಡೆಯುವ ಎಂಟು ವರ್ಗಗಳಲ್ಲಿ ಅದನ್ನು ಸಂಗ್ರಹಿಸಿ ಹಂಚುವ ಕೆಲಸಗಾರರೂ ಒಂದು ವರ್ಗ. ಸರಿಯಾಗಿ ಮಾಡಬೇಕಾದ ಕೆಲಸಕ್ಕೆ ಸರಿಯಾದ ಜನ ಬೇಕು, ಅವರ ಮನೆಯೂ ನಡೆಯಬೇಕು.

ಉಮರ್ (ರ) ಅವರ ಪ್ರಸಂಗ ಎಲ್ಲರೂ ಕೇಳಿದ್ದೇವೆ. ರಾತ್ರಿ ಸುತ್ತಾಟದಲ್ಲಿ ಒಂದು ಮಗು ಬಿಡದೆ ಅಳುವುದನ್ನು ಕೇಳಿದರು. ವಿಚಾರಿಸಿದರೆ ತಾಯಿ ಬೇಗ ಮೊಲೆಹಾಲು ಬಿಡಿಸುತ್ತಿದ್ದಳು. ಯಾಕೆಂದರೆ ಹಾಲು ಬಿಟ್ಟ ಮಗುವಿಗೆ ಮಾತ್ರ ಖಜಾನೆಯಿಂದ ಭತ್ಯೆ ಎಂಬ ನಿಯಮ ಇತ್ತು. ಅವರು ಆ ತಾಯಿಗೆ ನಾಲ್ಕು ಕಾಸು ಕೊಟ್ಟು ಮುಂದೆ ಹೋಗಲಿಲ್ಲ. ಹುಟ್ಟಿದ ದಿನದಿಂದಲೇ ಭತ್ಯೆ ಅಂತ ನಿಯಮವನ್ನೇ ಬದಲಿಸಿದರು. ಒಂದು ಮನೆಯ ಅಳು ಕೇಳಿ, ಕಾರಣ ಹುಡುಕಿ, ಎಲ್ಲ ಮನೆಗಳಿಗೆ ಬಾಧಿಸುವ ನಿಯಮ ತಿದ್ದುವುದು. ವಿಶ್ವವಿದ್ಯಾಲಯಗಳು ಇಂದು ಕಲಿಸಲು ನೋಡುವುದು ಇದೇ ದಾರಿಯನ್ನು.

ಈ ಓದು ಬೆಳೆದ ಬಗೆ

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ 1912ರಲ್ಲಿ ಸಮಾಜ ವಿಜ್ಞಾನ ಮತ್ತು ಆಡಳಿತ ವಿಭಾಗ ಶುರುವಾಯಿತು. ಹಣ ಕೊಟ್ಟವರು ಜಮ್‌ಶೆಟ್‌ಜಿ ಟಾಟಾರ ಮಗ ಸರ್ ರತನ್ ಟಾಟಾ. ಅಲ್ಲಿ ಪಾಠ ಮಾಡಿದವರಲ್ಲಿ ಕ್ಲೆಮೆಂಟ್ ಆಟ್ಲಿ ಒಬ್ಬರು. ಪೂರ್ವ ಲಂಡನ್ನಿನ ಬಡ ಹುಡುಗರ ಕ್ಲಬ್ ನಡೆಸಿ ಬಡತನ ಕಣ್ಣಾರೆ ಕಂಡವರು. ಅವರೇ 1945ರಲ್ಲಿ ಬ್ರಿಟನ್ ಪ್ರಧಾನಿಯಾದರು, 1948ರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ರಾಷ್ಟ್ರೀಯ ಆರೋಗ್ಯ ಸೇವೆ ಅವರ ಸರಕಾರದಲ್ಲೇ ಬಂತು.

ನಮ್ಮ ದೇಶದಲ್ಲಿ ಇದು ಶುರುವಾದದ್ದು 1936ರಲ್ಲಿ ಮುಂಬೈಯಲ್ಲಿ, ರತನ್ ಟಾಟಾರ ಅಣ್ಣ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆಯಾಗಿ. ಈಗಿನ ಟಿಸ್ ಅದೇ. ಕಷ್ಟದಲ್ಲಿರುವ ಮಗುವಿಗಾಗಿ ನಾವು ಒತ್ತುವ 1098 ಸಹಾಯವಾಣಿ ಹುಟ್ಟಿದ್ದು 1996ರಲ್ಲಿ ಟಿಸ್‌ನ ಒಂದು ಪ್ರಯೋಗವಾಗಿ. ದಿಲ್ಲಿಯ ಜಾಮಿಯಾ ಮಿಲ್ಲಿಯಾದಲ್ಲಿ 1967ರಿಂದ ಸಮಾಜಕಾರ್ಯ ವಿಭಾಗ ಇದೆ. ನಮಗೆ ಹತ್ತಿರದ್ದು ಮಂಗಳೂರಿನ ರೋಶನಿ ನಿಲಯ, 1960ರಲ್ಲಿ ಕ್ರೈಸ್ತ ಭಗಿನಿಯರು ಕಟ್ಟಿದ ಸಂಸ್ಥೆ.

ಏನು ಕಲಿಸುತ್ತಾರೆ?

ಪಿಯುಸಿಯಲ್ಲಿ ಯಾವ ವಿಭಾಗ ಓದಿದವರೂ ಬಿಎಸ್‌ಡಬ್ಲ್ಯು ಸೇರಬಹುದು. ಎಂಎಸ್‌ಡಬ್ಲ್ಯು ಎರಡು ವರ್ಷ, ಹೆಚ್ಚಿನ ಕಡೆ ಬೇರೆ ಪದವಿ ಮಾಡಿದವರಿಗೂ ಅವಕಾಶ ಇದೆ. ಒಬ್ಬ ವ್ಯಕ್ತಿಯ ಜೊತೆ, ಗುಂಪಿನ ಜೊತೆ, ಒಂದು ಊರಿನ ಜೊತೆ ಕೆಲಸ ಮಾಡುವ ಕ್ರಮ, ಕಾನೂನು, ಮನಃಶಾಸ್ತ್ರ, ಸಮೀಕ್ಷೆ ಇವು ಪಾಠಗಳು. ಅರ್ಧ ಕಲಿಕೆ ಕ್ಲಾಸಿನ ಹೊರಗೆ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಆಸ್ಪತ್ರೆ, ಬಾಲಮಂದಿರ, ಪಂಚಾಯತ್, ವೃದ್ಧಾಶ್ರಮಗಳಲ್ಲಿ ಕ್ಷೇತ್ರಕಾರ್ಯ. ಹೋಗಿ ಬಂದದ್ದನ್ನು ಬರೆದು ಒಪ್ಪಿಸಬೇಕು. ಕೇಳಿದ ಗುಟ್ಟು ಹೊರಗೆ ಹೇಳಬಾರದು, ಕಷ್ಟದಲ್ಲಿರುವವನ ಪರವಾಗಿ ನಾವೇ ತೀರ್ಮಾನ ಮಾಡಬಾರದು ಎಂಬ ಶಿಸ್ತೂ ಕಲಿಸುತ್ತಾರೆ. ನೆರವು ಕೊಡುವಾಗ ಫೋಟೋ ತೆಗೆದು ಸ್ಟೇಟಸ್ ಹಾಕುವ ಈ ಕಾಲದಲ್ಲಿ ಇದೊಂದೇ ಪಾಠ ಸಾಕು ಅನಿಸುತ್ತದೆ.

ಕೆಲಸ ಸಿಗುತ್ತಾ?

ಪೋಷಕರ ಮೊದಲ ಪ್ರಶ್ನೆ ಇದು, ಸಹಜ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಸಖಿ ಕೇಂದ್ರ, ಆಸ್ಪತ್ರೆ, ವ್ಯಸನಮುಕ್ತಿ ಕೇಂದ್ರ, ಸ್ವಯಂಸೇವಾ ಸಂಸ್ಥೆಗಳಲ್ಲಿ ಈ ಪದವಿಯವರು ಬೇಕು. ದೊಡ್ಡ ಕಂಪೆನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪೆನಿ ಕಾಯ್ದೆ ಹೇಳಿದ ಮೇಲೆ ಅಲ್ಲೂ ಅವಕಾಶ ಬಂದಿದೆ. 300 ಮತ್ತು ಹೆಚ್ಚು ಕೆಲಸಗಾರರಿರುವ ತೋಟಗಳಿಗೆ ಕಾರ್ಮಿಕ ಕಲ್ಯಾಣ ಅಧಿಕಾರಿ ಬೇಕೆಂದು 1951ರ ಪ್ಲಾಂಟೇಶನ್ ಕಾಯ್ದೆಯೇ ಹೇಳಿತ್ತು. ಎಂಎಸ್‌ಡಬ್ಲ್ಯು ನಂತರ ನಿಮ್ಹಾನ್ಸ್‌ನಂಥ ಕಡೆ ಎಂಫಿಲ್ ಮಾಡಿದವರನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರೆಂದು ಗುರುತಿಸುತ್ತದೆ. ನಮ್ಮ ಯುವಕರಲ್ಲಿ ಗಾಂಜಾ, ಮಾತ್ರೆಗಳ ಚಟ ಹೆಚ್ಚುತ್ತಿದೆ ಎಂಬ ಚಿಂತೆ ಪ್ರತಿ ಸಭೆಯಲ್ಲೂ ಕೇಳುತ್ತೇವೆ. ಉಪದೇಶದಾಚೆಗೆ ಆ ಮಗುವಿನ ಕೈ ಹಿಡಿಯಬಲ್ಲವರು ಇವರು.

ನೇರವಾಗಿ ಹೇಳಬೇಕಾದ್ದೂ ಇದೆ. ಆರಂಭದ ಸಂಬಳ ದೊಡ್ಡದಲ್ಲ. ಸರಕಾರಿ ಯೋಜನೆಗಳ ಅನೇಕ ಹುದ್ದೆಗಳು ಗುತ್ತಿಗೆಯವು. ಬೇಗ ಹಣ ಬೇಕಾದ ಮನೆಗೆ ಇದು ಹೊಂದಲಿಕ್ಕಿಲ್ಲ. ಜನರ ಜೊತೆ ಬೆರೆಯುವ, ಸಹನೆ ಇರುವ ಮಕ್ಕಳಿಗೆ ಮಾತ್ರ ಇದನ್ನು ಹೇಳಿ.

ಹೆಣ್ಣುಮಕ್ಕಳ ವಿಷಯ

"ಹಳ್ಳಿ ಹಳ್ಳಿ ಅಲೆಯುವ ಕೆಲಸ, ಹುಡುಗಿಯರಿಗೆ ಬೇಡ" ಅನ್ನುವುದು ಇನ್ನೊಂದು ಮಾತು. ಆದರೆ ಗಂಡ ಬಿಟ್ಟುಹೋದ ಹೆಂಗಸು, ಮನೆಯೊಳಗೆ ಹಿಂಸೆ ಅನುಭವಿಸುವ ಸೊಸೆ, ಹೇಳಲಾಗದ ಕಷ್ಟದಲ್ಲಿರುವ ಹದಿಹರೆಯದ ಹುಡುಗಿ, ಇವರೆಲ್ಲ ಉಸ್ತಾದರ ಹತ್ತಿರವೋ ಜಮಾಅತ್ ಅಧ್ಯಕ್ಷರ ಹತ್ತಿರವೋ ಬಾಯಿಬಿಟ್ಟು ಹೇಳುತ್ತಾರಾ? ಇವರ ಅಡುಗೆಮನೆಯ ತನಕ ಹೋಗಿ, ಬ್ಯಾರಿ ಭಾಷೆಯಲ್ಲೇ ಮಾತಾಡಿಸಿ, ಕಾನೂನು ತಿಳಿಸಬಲ್ಲವಳು ಓದಿದ ನಮ್ಮ ಮನೆಯ ಹೆಣ್ಣುಮಗಳು. ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ ಕಳಿಸುತ್ತಾರೆ, ಜೊತೆಗೆ ಯಾರು ಇರುತ್ತಾರೆ, ಹಾಸ್ಟೆಲ್ ಇದೆಯಾ ಅಂತ ಕಾಲೇಜಿನಲ್ಲಿ ಕೇಳಿ ತಿಳಿದುಕೊಳ್ಳಿ. ಕೇಳುವುದು ಪೋಷಕರ ಹಕ್ಕು.

ಈಗ ಏನು ಮಾಡಬಹುದು?

ಚಿಕ್ಕ ಅಳುವಾರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಜ್ಞಾನಕಾವೇರಿ ಆವರಣ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು. ಈ ವರ್ಷ ಯಾವ ಕೋರ್ಸ್ ಇದೆ ಅಂತ ಅಲ್ಲಿ ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲೂ ಸಮಾಜಕಾರ್ಯ ವಿಭಾಗ ಇದೆ. ಕೆಲಸ ಬಿಡಲಾಗದವರಿಗೆ ಇಗ್ನೋದ ದೂರಶಿಕ್ಷಣ ಇದೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಕೊನೆಯ ದಿನ ಕಾಯಬೇಡಿ.

ಜಮಾಅತ್‌ಗಳಿಗೂ ಒಂದು ವಿನಂತಿ. ರಂಝಾನಿನಲ್ಲಿ ಸಂಗ್ರಹವಾಗುವ ಝಕಾತ್‌ನಿಂದ ಅರ್ಹ ಬಡ ಮನೆಯ ಒಬ್ಬ ವಿದ್ಯಾರ್ಥಿಯ ಎರಡು ವರ್ಷದ ಫೀಸಿಗೆ ದಾರಿ ಮಾಡಬಹುದಾ ಅಂತ ಉಲಮಾಗಳ ಜೊತೆ ಕೂತು ನೋಡಿ. ಹತ್ತಿರದ ಕಾಲೇಜಿನ ಎಂಎಸ್‌ಡಬ್ಲ್ಯು ವಿದ್ಯಾರ್ಥಿಗಳನ್ನು ಕರೆದು ನಮ್ಮ ಮಹಲ್ಲಿನ ಒಂದು ಸಮೀಕ್ಷೆ ಮಾಡಿಸಿ. ಎಷ್ಟು ವಿಧವೆಯರಿಗೆ ಪಿಂಚಣಿ ಬರುತ್ತಿಲ್ಲ, ಎಷ್ಟು ಮಕ್ಕಳು ಶಾಲೆ ಬಿಟ್ಟಿದ್ದಾರೆ, ಎಷ್ಟು ಅಂಗವಿಕಲರಿಗೆ ಗುರುತಿನ ಚೀಟಿ ಇಲ್ಲ ಎಂಬ ಲೆಕ್ಕ ಕೈಗೆ ಬರುತ್ತದೆ. ಪ್ರತಿ ವರ್ಷ ಅದೇ ಮನೆಗೆ ಕಿಟ್ ಹೋಗುತ್ತಿದ್ದರೆ, ಆ ಮನೆ ಯಾಕೆ ಇನ್ನೂ ಪಟ್ಟಿಯಲ್ಲಿದೆ ಅಂತ ಕೇಳುವವರೊಬ್ಬರು ನಮ್ಮ ನಡುವೆ ಬೇಕು. ಈ ಸಲದ ಪಿಯುಸಿ ಮಕ್ಕಳಲ್ಲಿ ಅಂಥವರು ಇರಬಹುದು. ಪಟ್ಟಿಗೆ ಈ ಹೆಸರನ್ನೂ ಸೇರಿಸಿ, ಮಕ್ಕಳನ್ನು ಒಮ್ಮೆ ಕೇಳಿ ನೋಡಿ.