ಕಾಡುನೆಲ್ಲಿಯ ಕ್ಷಯ

ಉತ್ಥಾನದ್ವಾದಶಿಯಂದು ತುಳಸಿಯ ಬಳಿ ನೆಲ್ಲಿಯ ಕೊಂಬೆಯನ್ನು ನೆಡುವ ರೂಢಿಯನ್ನು ನಂದಿಗುಡಿಯವರೂ ಬಲ್ಲರು, ಮೈಸೂರಿನವರೂ ಬಲ್ಲರು. ಆ ನೆಲ್ಲಿಯ ತವರಾದ ಕಾಡಿನಲ್ಲಿ ಏನು ನಡೆದಿದೆಯೆಂದು ವಿಚಾರಿಸುವವರು ಮಾತ್ರ ವಿರಳ. ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಡುನೆಲ್ಲಿಯ ಸಂತತಿಯು ಕುಗ್ಗುತ್ತಿರುವುದನ್ನು ಸಂಶೋಧಕರು ಹಲವು ವರ್ಷ ಗಿಡಗಳನ್ನೆಣಿಸಿ ಕಂಡುಕೊಂಡಿದ್ದಾರೆ.

ಕಾಯಿ ಕೊಯ್ಯುವ ಸೋಲಿಗರೇ ಇದಕ್ಕೆ ಕಾರಣರೆಂದು ಶಂಕಿಸುವುದು ಸುಲಭ, ನಿಜಸ್ಥಿತಿ ಬೇರೆ. ಕೊಯ್ಲಿಗಿಂತ ಹೆಚ್ಚಿನ ಕೇಡನ್ನು ಎರಡು ಸಸ್ಯಗಳು ಮಾಡಿವೆ. ಒಂದು, ಕೊಂಬೆಯಲ್ಲಿ ಬೇರೂರಿ ಮರದ ರಸವನ್ನು ಹೀರುವ ಬಂದಳಿಕೆ. ಮತ್ತೊಂದು, ಅಮೆರಿಕದ ಉಷ್ಣವಲಯದಿಂದ ತೋಟದ ಅಲಂಕಾರಕ್ಕೆಂದು ಬಂದ ಲಂಟಾನ. ಇದರ ಪೊದೆಯ ಕೆಳಗೆ ನೆಲ್ಲಿಯ ಸಸಿಯು ಮೇಲೇಳಲಾರದು. 1997ರಲ್ಲಿ ಪರೀಕ್ಷಿಸಿದ ತಾಣಗಳ ಪೈಕಿ ನೂರಕ್ಕೆ 41ರಲ್ಲಿದ್ದ ಲಂಟಾನವು 2008ರ ವೇಳೆಗೆ 81ರಲ್ಲಿ ಕಾಣಿಸಿಕೊಂಡಿತು.

ಹಿಂದೆ ಸೋಲಿಗರು ಬೇಸಗೆ ಬಲಿಯುವ ಮುನ್ನ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. 1974ರಲ್ಲಿ ಬೆಟ್ಟವು ಅಭಯಾರಣ್ಯವಾದ ಮೇಲೆ ಅದಕ್ಕೆ ತಡೆ ಬಿದ್ದಿತು. ಪೊದೆಯನ್ನೂ ಬಂದಳಿಕೆಯನ್ನೂ ಅಡಗಿಸುತ್ತಿದ್ದುದು ಆ ಬೆಂಕಿಯೇ ಎಂಬುದು ಅವರ ಹಿರಿಯರ ಹೇಳಿಕೆ. ಆದರೆ ಲಂಟಾನವು ಒತ್ತಿ ಬೆಳೆದಿರುವ ಕಡೆ ಈಗ ಬೆಂಕಿಯಿಟ್ಟರೆ ಜ್ವಾಲೆಯು ಮರಕ್ಕೇ ಏರುವುದು. ಮೊದಲು ಪೊದೆಯನ್ನು ಕೀಳಬೇಕು. 2011ರಲ್ಲಿ ಸೋಲಿಗರಿಗೆ ಕಾಡಿನ ಮೇಲೆ ಸಾಮುದಾಯಿಕ ಹಕ್ಕು ದೊರೆತಿದೆ. ಹಕ್ಕಿನೊಡನೆ ಅವರ ಅನುಭವಕ್ಕೂ ಮನ್ನಣೆ ದೊರೆತರೆ ನೆಲ್ಲಿಯು ಉಳಿದೀತು.